ಸುಳಿಗೆ ಸಿಕ್ಕ ಎಲೆಗಳು

ಲಿಯೊನಾರ್ಡೊ ಡ ವಿಂಚಿ ಸುಮಾರು 1506ರಿಂದ 1512ರ ನಡುವೆ ಬರೆದ ಕಾಡುಗಿಡಗಳ ರೇಖಾಚಿತ್ರವೊಂದು ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಹಾಳೆಯ ಎತ್ತರ 20 ಸೆಂಟಿಮೀಟರಿನಷ್ಟು, ಶಾಲಾ ನೋಟ್‌ಬುಕ್ಕಿನ ಪುಟದಷ್ಟೇ. ನಾವು ಬಳಸುವ ಪೆನ್ಸಿಲ್ ಆಗಿನ್ನೂ ಬಂದಿರಲಿಲ್ಲ. ಕಾವಿಗಲ್ಲಿನ ಕಡ್ಡಿಯಲ್ಲಿ ಗೀಚಿ, ಮೇಲೆ ಶಾಯಿಯಲ್ಲಿ ತಿದ್ದಿದ ಚಿತ್ರ ಇದು.

ನಡುವಿನ ಗಿಡ ಸ್ಟಾರ್ ಆಫ್ ಬೆತ್ಲೆಹೆಮ್. ಗೆಡ್ಡೆಯಿಂದ ಏಳುವ, ನಕ್ಷತ್ರದಂಥ ಆರೆಸಳಿನ ಬಿಳಿ ಹೂವಿನದು. ಆದರೆ ಕಣ್ಣು ಹೂವಿನ ಮೇಲೆ ನಿಲ್ಲುವುದಿಲ್ಲ, ಎಲೆಗಳೇ ಎಳೆದುಕೊಳ್ಳುತ್ತವೆ. ಬುಡದಿಂದೆದ್ದ ಉದ್ದನೆಯ ಎಲೆಗಳು ಹೊಳೆಯ ಸುಳಿಗೆ ಸಿಕ್ಕಂತೆ ಸುತ್ತಿಕೊಂಡಿವೆ. ಯಾವುದಾದರೂ ಒಂದೇ ಎಲೆಯ ಬೆನ್ನು ಹಿಡಿದು ಹೋಗಿ. ಮೇಲೆದ್ದು, ಬಾಗಿ, ಮಗುಚಿಕೊಂಡು ಬೆನ್ನು ತೋರಿಸಿ, ಇನ್ನೊಂದರ ಅಡಿ ನುಸುಳಿ ಮರೆಯಾಗುತ್ತದೆ. ಇಷ್ಟು ಗೋಜಲಿನಲ್ಲೂ ಯಾವುದು ಮುಂದೆ, ಯಾವುದು ಹಿಂದೆ ಎಂಬ ಗೊಂದಲವಿಲ್ಲ.

ಇದನ್ನು ಸಸ್ಯಶಾಸ್ತ್ರದ ಕರಾರುವಾಕ್ಕಾದ ದಾಖಲೆ ಎಂದು ಹೊಗಳುವವರಿದ್ದಾರೆ. ನನಗೆ ಆ ಹೊಗಳಿಕೆ ಒಪ್ಪಿಗೆಯಿಲ್ಲ. ನಿಜವಾದ ಗಿಡದ ಎಲೆ ಬಡಕಲು, ಬೇಗ ಜೋತುಬೀಳುತ್ತದೆ, ಇಷ್ಟು ಹುರುಪಿನಿಂದ ಸುತ್ತುವುದಿಲ್ಲ. ಹರಿವ ನೀರನ್ನೂ ಹೆರಳನ್ನೂ ಒಂದೇ ಬಗೆಯ ಚಲನೆ ಎಂದು ಕಂಡಿದ್ದ ಕಣ್ಣು ಇಲ್ಲಿ ಎಲೆಯನ್ನೂ ಹಾಗೆಯೇ ಕಂಡಿದೆ. ಗಿಡ ಹೇಗಿದೆ ಎನ್ನುವುದಕ್ಕಿಂತ ಹೇಗೆ ಬೆಳೆಯುತ್ತದೆ ಎನ್ನುವುದರ ಚಿತ್ರ ಇದು. ನನಗೆ ಅದೇ ಹೆಚ್ಚು.

ಪಕ್ಕದ ವುಡ್ ಅನೆಮೊನಿ ಗಿಡದಲ್ಲಿ ಆ ಹುರುಪು ಇಲ್ಲ, ಜಾಗ ತುಂಬಲು ಬಂದಂತಿದೆ. ಕೆಳಗಿನ ಸ್ಪರ್ಜ್ ಹಾಗಲ್ಲ. ಮುರಿದರೆ ಹಾಲು ಸೋರುವ, ನಮ್ಮ ಕಳ್ಳಿಯದೇ ಕುಲದ ಗಿಡ ಇದು. ಅದರ ಬೀಜದ ತಲೆಗಳನ್ನು ಬೇರೆಯಾಗಿ, ತಣ್ಣಗೆ, ಲೆಕ್ಕ ಬರೆದುಕೊಳ್ಳುವವರ ತಾಳ್ಮೆಯಲ್ಲಿ ಬಿಡಿಸಿದೆ. ದಾಖಲೆ ಎನ್ನುವುದಾದರೆ ಈ ಮೂಲೆಯನ್ನು ಅನ್ನಬೇಕು. ಮೇಲೆ ಬಿರುಸು, ಕೆಳಗೆ ಲೆಕ್ಕ. ಎರಡೂ ಹೊಂದಿಕೊಳ್ಳದೆ ಒಂದೇ ಹಾಳೆಯಲ್ಲಿ ಕೂತಿವೆ. ಚೌಕಟ್ಟು ಹಾಕಿ ಗೋಡೆಗೆ ತೂಗಲೆಂದು ಮಾಡಿದ ಚಿತ್ರ ಇದಲ್ಲವಲ್ಲ!

ಗ್ರೀಕ್ ಪುರಾಣದ ಲೀಡಾ ಮತ್ತು ಹಂಸವನ್ನು ಕುರಿತ ಲಿಯೊನಾರ್ಡೊನ ವರ್ಣಚಿತ್ರಕ್ಕೆ ಸಿದ್ಧತೆಯಾಗಿ, ಅವಳ ಕಾಲಬಳಿಯ ಗಿಡಗಳಿಗೆಂದು ಇಂಥ ಅಭ್ಯಾಸಗಳು ಹುಟ್ಟಿದವು ಎನ್ನುತ್ತಾರೆ. ಆ ವರ್ಣಚಿತ್ರ ಕಳೆದುಹೋಗಿದೆ, ಬೇರೆಯವರು ಮಾಡಿದ ಪ್ರತಿಗಳಷ್ಟೇ ಉಳಿದಿವೆ. ಈ ಹಾಳೆಯ ಅಚ್ಚುಪ್ರತಿ ಎಲ್ಲಾದರೂ ಸಿಕ್ಕರೆ ಹೂವಿನಿಂದಲ್ಲ, ಎಲೆಯ ಬುಡದಿಂದ ನೋಡಲು ಶುರುಮಾಡಿ.