ನಿಲ್ಲಲು ಕಲಿತ ನಾಯಿ

ಬ್ರಿಟನ್ನಿನ ಕುರಿನಾಯಿಗಳ ಅಂತರರಾಷ್ಟ್ರೀಯ ಸ್ಪರ್ಧೆಯ ಕೊನೆಯ ದಿನದ ಪರೀಕ್ಷೆ ಹೀಗಿರುತ್ತದೆ. ಮೈದಾನದ ಕೆಳಗೆ ಒಂದು ಗೂಟ, ಅದರ ಪಕ್ಕದಲ್ಲಿ ಕುರಿಗಾಹಿ. ಸುಮಾರು 800 ಗಜ ದೂರದ ಇಳಿಜಾರಿನಲ್ಲಿ ಹತ್ತು ಕುರಿ. ಅವನ ಮಾತಿಗೆ ಹೊರಟ ನಾಯಿ ಕುರಿಗಳಿಗೆ ಗಾಬರಿಯಾಗದಷ್ಟು ದೂರದಿಂದ ಬಳಸಿ ಹೋಗಿ ಅವುಗಳ ಹಿಂದೆ ನಿಲ್ಲುತ್ತದೆ. ಮೆಲ್ಲಗೆ ಎಬ್ಬಿಸಿ, ನೇರ ಗೆರೆ ಎಳೆದ ಹಾಗೆ ಒಡೆಯನ ಕಡೆಗೆ ತರುತ್ತದೆ. ಆ ಹತ್ತು ಕುರಿ ಸಾಕಷ್ಟು ದೂರ ಬಂದಿರುವಾಗ ಬೇರೊಂದು ಸಿಳ್ಳೆ ಕೇಳಿಸುತ್ತದೆ. ಈಗ ನಾಯಿ ಅವನ್ನು ಅಲ್ಲೇ ಬಿಟ್ಟು, ಹಿಂದಕ್ಕೆ ತಿರುಗಿ, ಇನ್ನೊಂದು ದಿಕ್ಕಿನಲ್ಲಿರುವ ಬೇರೆ ಹತ್ತು ಕುರಿಗಳನ್ನು ಹುಡುಕಿಕೊಂಡು ಹೋಗಬೇಕು. ಎರಡು ಗುಂಪನ್ನೂ ಕೂಡಿಸಿ ಗೇಟುಗಳ ನಡುವೆ ದಾಟಿಸಿದ ಮೇಲೆ, ಕೊರಳಿಗೆ ಪಟ್ಟಿ ಕಟ್ಟಿದ ಐದನ್ನು ಉಳಿಸಿಕೊಂಡು ಮಿಕ್ಕ ಹದಿನೈದನ್ನು ಬೇರ್ಪಡಿಸಬೇಕು. ಆ ಐದನ್ನು ದೊಡ್ಡಿಗೆ ಸೇರಿಸಿದರೆ ಮುಗಿಯಿತು. ಇಷ್ಟಕ್ಕೂ ಸಿಗುವುದು ಅರ್ಧ ಗಂಟೆ.

ನೋಡಿದವರೆಲ್ಲ ನಾಯಿಯ ಓಟವನ್ನು ಹೊಗಳುತ್ತಾರೆ. ನನಗೆ ಮೈ ಜುಮ್ಮೆನ್ನುವುದು ಅದು ಹಿಂದಿರುಗಿ ನೋಡುವ ಗಳಿಗೆಯಲ್ಲಿ. ಕೈಗೆ ಸಿಕ್ಕ ಹತ್ತು ಕುರಿ ಎದುರಿಗಿವೆ. ಮೈಯಲ್ಲಿರುವ ಬೇಟೆಯ ರಕ್ತವೆಲ್ಲ ಅವುಗಳತ್ತ ಎಳೆಯುತ್ತಿದೆ. ಆದರೂ ನಿಲ್ಲುತ್ತದೆ, ಕಣ್ಣು ಕೀಳುತ್ತದೆ, ಇನ್ನೂ ಕಾಣದ ಕುರಿಗಳಿಗಾಗಿ ಒಡೆಯನ ಮಾತನ್ನು ನಂಬಿ ಹೊರಡುತ್ತದೆ. ಬಾರ್ಡರ್ ಕಾಲಿ ತಳಿಯ ದೊಡ್ಡಸ್ತಿಕೆ ಇರುವುದು ಈ ತಡೆದುಕೊಳ್ಳುವ ಶಕ್ತಿಯಲ್ಲಿ. ಬೆಂಗಳೂರು, ಮೈಸೂರಿನ ಮನೆಗಳಿಗೂ ಈ ತಳಿ ಬರತೊಡಗಿರುವ ಈ ಹೊತ್ತಿನಲ್ಲಿ ಇದನ್ನು ಒತ್ತಿ ಹೇಳಬೇಕೆನಿಸಿದೆ. ಏಕೆಂದರೆ ಕೊಂಡವರಲ್ಲಿ ಹೆಚ್ಚಿನವರು ಇದನ್ನು ಓಡಿಸುತ್ತಿದ್ದಾರೆಯೇ ಹೊರತು ನಿಲ್ಲಲು ಕಲಿಸುತ್ತಿಲ್ಲ.

ಇಂಥ ನಾಯಿ ಹುಟ್ಟಲು ಇಂಗ್ಲೆಂಡ್–ಸ್ಕಾಟ್‌ಲೆಂಡ್ ಗಡಿಯ ಗುಡ್ಡಗಳೇ ಬೇಕಿತ್ತು. ನಮ್ಮ ಕೊಪ್ಪಳ, ಬಳ್ಳಾರಿಯ ಬಯಲಿನಲ್ಲಿ ಇಂದಿಗೂ ತೋಳಗಳಿವೆ. ಹಾಗಾಗಿ ಕುರಿಗಾಹಿ ಮಂದೆಯ ಜೊತೆಯಲ್ಲೇ ನಡೆಯುತ್ತಾನೆ, ರಾತ್ರಿ ಅದರ ಪಕ್ಕದಲ್ಲೇ ಮಲಗುತ್ತಾನೆ. ಅವನ ನಾಯಿಯ ಕೆಲಸ ಕಾವಲು. ಬೊಗಳಿ ಎಚ್ಚರಿಸುವುದು, ಬಂದದ್ದನ್ನು ಎದುರಿಸುವುದು. ಬ್ರಿಟನ್ನಿನಲ್ಲಿ ತೋಳದ ಸಂತತಿ ಅಳಿದು ಮುನ್ನೂರು ವರ್ಷಗಳಿಗೂ ಮೇಲಾಯಿತು. ಬೇಲಿಯಿಲ್ಲದ ಗುಡ್ಡದ ಮೇಲೆ ಕುರಿಗಳು ತಮ್ಮಷ್ಟಕ್ಕೆ ತಾವು ಇರುತ್ತವೆ, ತಾಯಿ ಮೇದ ಎಲ್ಲೆಯಲ್ಲೇ ಮರಿಯೂ ಮೇಯಲು ಕಲಿಯುತ್ತದೆ. ಉಣ್ಣೆ ಕತ್ತರಿಸಲು, ಔಷಧಿ ಹಾಕಲು, ಸಂತೆಗೆ ಒಯ್ಯಲು ಮಾತ್ರ ಅವನ್ನು ಕೆಳಗಿಳಿಸಬೇಕು. ಮನುಷ್ಯನ ಮುಖ ಅಪರೂಪಕ್ಕೆ ಕಾಣುವ, ಅರೆಕಾಡು ಸ್ವಭಾವದ ಆ ಕುರಿಗಳನ್ನು ಬೊಗಳಿ ಬೆದರಿಸಿದರೆ ಕಣಿವೆಗೆ ಬಿದ್ದು ಕಾಲು ಮುರಿದುಕೊಳ್ಳುತ್ತವೆ. ಅಲ್ಲಿಗೆ ಬೇಕಾದದ್ದು ಮೌನವಾಗಿ ದುಡಿಯುವ, ದೂರದಲ್ಲಿದ್ದರೂ ಸಿಳ್ಳೆಗೆ ಕಿವಿಗೊಡುವ, ಹಲ್ಲು ತಾಗಿಸದ ನಾಯಿ.

ಗಡಿಸೀಮೆಯ ಎಟ್ರಿಕ್ ಕಣಿವೆಯಲ್ಲಿ ಕುರಿ ಕಾಯುತ್ತಲೇ ಕವಿಯಾದ ಜೇಮ್ಸ್ ಹಾಗ್ (1770–1835) ತನ್ನ ನಾಯಿ ಸಿರ್ರಾನ ಕತೆ ಬರೆದಿಟ್ಟಿದ್ದಾನೆ. ಬಡಕಲು ಮೈಯ ಆ ನಾಯಿಯನ್ನು ಅವನು ದನ ಹೊಡೆಯುವವನೊಬ್ಬನಿಂದ ಒಂದು ಗಿನಿ ಕೊಟ್ಟು ಕೊಂಡಿದ್ದ. ಒಂದು ರಾತ್ರಿ, ತಾಯಿಯಿಂದ ಆಗಷ್ಟೇ ಬಿಡಿಸಿದ ಸುಮಾರು 700 ಕುರಿಮರಿಗಳು ಬೆದರಿ ಮೂರು ಪಾಲಾಗಿ ಕತ್ತಲಲ್ಲಿ ಚದುರಿಹೋದವು. ಹಾಗ್ ಮತ್ತು ಅವನ ಜೊತೆಗಾರ ಬೆಳಗಿನವರೆಗೂ ಗುಡ್ಡ ಅಲೆದರು, ಒಂದೂ ಸಿಗಲಿಲ್ಲ. ಸೂರ್ಯ ಹುಟ್ಟುವಾಗ ಆಳವಾದ ಕೊರಕಲೊಂದರಲ್ಲಿ ಮರಿಗಳ ಹಿಂಡು ಕಂಡಿತು, ಅದರ ಮುಂದೆ ಸಿರ್ರಾ. ಎಣಿಸಿದರೆ ಒಂದು ಮರಿಯೂ ಕಡಿಮೆಯಿರಲಿಲ್ಲ. ಇದೇ ನಾಯಿ ಸ್ವಭಾವದಲ್ಲಿ ಮಹಾ ಮುಂಗೋಪಿ, ಯಾರಾದರೂ ಮೈ ಸವರಲು ಹೋದರೆ ಸರಿದು ಹೋಗುತ್ತಿತ್ತು ಎಂದೂ ಹಾಗ್ ಬರೆಯುತ್ತಾನೆ. ತಳಿ ಕೊಳ್ಳಲು ಹೊರಟವರು ಕತೆಯ ಈ ಎರಡನೆಯ ಭಾಗವನ್ನು ಮರೆಯಬಾರದು. ಮುದ್ದಿಗಿಂತ ಕೆಲಸ ಹೆಚ್ಚು ಎನ್ನುವ ನಾಯಿ ಈ ವಂಶದಲ್ಲಿ ಇಂದಿಗೂ ಹುಟ್ಟುತ್ತದೆ.

ಅಲ್ಲಿನವರು ನಾಯಿಯನ್ನು ಅಳೆಯುವಾಗ ಮೊದಲು ಕೇಳುವುದು ಅದಕ್ಕೆ ‘ಕಣ್ಣು’ ಎಷ್ಟಿದೆ ಎಂದು. ತಲೆ ತಗ್ಗಿಸಿ, ಭುಜ ಎತ್ತಿ, ಒಂದು ಮುಂಗಾಲನ್ನು ಗಾಳಿಯಲ್ಲೇ ಹಿಡಿದು ಕುರಿಯನ್ನು ದಿಟ್ಟಿಸುವ ಆ ಭಂಗಿ ತೋಳದ್ದೇ. ತೋಳ ಮೊದಲು ಗುರಿ ಹಿಡಿಯುತ್ತದೆ. ದಿಟ್ಟಿಸುತ್ತದೆ, ಹೊಂಚುತ್ತದೆ, ಅಟ್ಟುತ್ತದೆ, ಹಿಡಿದು ಕೊಲ್ಲುತ್ತದೆ. ತಲೆಮಾರುಗಳ ಆಯ್ಕೆಯಿಂದ ಕುರಿಗಾಹಿಗಳು ಈ ಸರಣಿಯ ಮೊದಲ ಭಾಗವನ್ನು ಹಿಗ್ಗಿಸಿದರು, ಕೊನೆಯದನ್ನು ಅಡಗಿಸಿದರು. ಬಾಲವನ್ನೂ ಗಮನಿಸಿ. ಕೆಲಸದಲ್ಲಿ ಮುಳುಗಿದ ಬಾರ್ಡರ್ ಕಾಲಿಯ ಬಾಲ ಹಿಂಗಾಲಿಗೆ ಅಂಟಿ, ತುದಿಯಲ್ಲಿ ಮಾತ್ರ ಕೊಂಚ ಮೇಲಕ್ಕೆ ಬಾಗಿರುತ್ತದೆ. ಬಾಲ ಮೇಲೆದ್ದಿತೋ, ನಾಯಿಯ ಮನಸ್ಸು ಆಟಕ್ಕೆ ತಿರುಗಿದೆ ಎಂದೇ ಲೆಕ್ಕ. ಅನುಭವಿ ಕುರಿಗಾಹಿ ಆ ಕ್ಷಣಕ್ಕೇ ‘ಲೈ ಡೌನ್’ ಎನ್ನುತ್ತಾನೆ. ಗಡಿಯಾರದ ಮುಳ್ಳಿನ ದಿಕ್ಕಿಗೆ ಬಳಸಲು ‘ಕಮ್ ಬೈ’, ವಿರುದ್ಧಕ್ಕೆ ‘ಅವೇ’, ಕೆಲಸ ಬಿಟ್ಟು ಬಾ ಎನ್ನಲು ‘ದ್ಯಾಟ್ಲ್ ಡೂ’. ಇವುಗಳಲ್ಲಿ ಬಳಸಿ ಓಡುವುದನ್ನು ಹೆಚ್ಚು ಕಲಿಸಬೇಕಾಗಿಲ್ಲ, ಒಳ್ಳೆಯ ಮರಿ ಕುರಿ ಕಂಡೊಡನೆ ತಾನಾಗಿ ಬಳಸುತ್ತದೆ, ಒಡೆಯನಿಗೆ ಎದುರಾಗಿ ಹಿಂಡಿನ ಆಚೆ ಬದಿಗೆ ಹೋಗಿ ನಿಲ್ಲುತ್ತದೆ. ತಿಂಗಳುಗಟ್ಟಲೆ ಬೆವರು ಸುರಿಸಿ ಕಲಿಸಬೇಕಾದದ್ದು ಮಲಗುವುದನ್ನು ಮತ್ತು ಬಿಟ್ಟು ಬರುವುದನ್ನು.

ಇಂದಿನ ಬಾರ್ಡರ್ ಕಾಲಿಗಳೆಲ್ಲದರ ವಂಶ ಹಿಡಿದು ಹಿಂದಕ್ಕೆ ಹೋದರೆ ಒಂದೇ ಹೆಸರು ಎದುರಾಗುತ್ತದೆ: ಓಲ್ಡ್ ಹೆಂಪ್. ನಾರ್ಥಂಬರ್‌ಲ್ಯಾಂಡಿನ ಆಡಂ ಟೆಲ್ಫರ್ 1893ರ ಸೆಪ್ಟೆಂಬರಿನಲ್ಲಿ ಪಡೆದ ಮರಿ. ಅಪ್ಪ ರಾಯ್ ಸಾಧು, ಬಿಚ್ಚುಮನಸ್ಸಿನ ನಾಯಿ. ಕಣ್ಣಿನ ಬಲ ಸಾಧಾರಣ. ಅಮ್ಮ ಮೆಗ್ ನಾಚಿಕೆಯ ಸ್ವಭಾವದವಳು, ಆದರೆ ಕಣ್ಣು ಎಷ್ಟು ಬಲವೆಂದರೆ ಕುರಿಯನ್ನು ದಿಟ್ಟಿಸುತ್ತ ತಾನೇ ಕಲ್ಲಾಗಿಬಿಡುತ್ತಿದ್ದಳು. ಮಗನಲ್ಲಿ ಎರಡೂ ಹದವಾಗಿ ಕೂಡಿದವು. ಹೆಂಪ್ ಗದ್ದಲವಿಲ್ಲದೆ ಕೆಲಸ ಮಾಡುತ್ತಿದ್ದ, ಕುರಿಗಳು ಹೆದರದೆ ಅವನ ಮುಂದೆ ಸಾಗುತ್ತಿದ್ದವು. ಆ ಶೈಲಿ ಕಂಡು ಸುತ್ತಲ ರೈತರೆಲ್ಲ ತಮ್ಮ ಹೆಣ್ಣುನಾಯಿಗಳನ್ನು ಕರೆತಂದರು. 1901ರಲ್ಲಿ ಸಾಯುವ ಹೊತ್ತಿಗೆ ಅವನ ಮರಿಗಳ ಸಂಖ್ಯೆ 200 ದಾಟಿತ್ತು ಎನ್ನುತ್ತಾರೆ. ಟೆಲ್ಫರ್ ಜೋಡಿ ಕಟ್ಟಿದ ರೀತಿಯನ್ನು ಗಮನಿಸಬೇಕು: ಅತಿ ಬಲವಾದ ಕಣ್ಣಿಗೆ ಅದರಷ್ಟೇ ಬಲವಾದ ಇನ್ನೊಂದು ಕಣ್ಣನ್ನು ಅವನು ಕೂಡಿಸಲಿಲ್ಲ, ಶಾಂತ ಸ್ವಭಾವವನ್ನು ಕೂಡಿಸಿದ.

ಸ್ಪರ್ಧೆಗಳು ಅದಕ್ಕೂ ಮುಂಚೆಯೇ ಆರಂಭವಾಗಿದ್ದವು. 1873ರ ಅಕ್ಟೋಬರಿನಲ್ಲಿ ವೇಲ್ಸ್‌ನ ಬಾಲಾ ಊರಿನಲ್ಲಿ ನಡೆದ ಸ್ಪರ್ಧೆಯಲ್ಲಿ ಗೆದ್ದದ್ದು ಸ್ಕಾಟ್‌ಲೆಂಡ್ ಮೂಲದ ಟ್ವೀಡ್ ಎಂಬ ನಾಯಿ. 1906ರಲ್ಲಿ ಅಂತರರಾಷ್ಟ್ರೀಯ ಕುರಿನಾಯಿ ಸಂಘ ಹುಟ್ಟಿತು, ತಳಿಗೆ ಈಗಿನ ಹೆಸರು ಬಂದದ್ದು ಅದರ ಕಾರ್ಯದರ್ಶಿ ಜೇಮ್ಸ್ ರೀಡ್ ಅವರಿಂದ. ಶ್ವಾನ ಪ್ರದರ್ಶನದವರು ಈ ತಳಿಯನ್ನು ಬಹುಕಾಲ ದೂರವೇ ಇಟ್ಟಿದ್ದರು. ಬ್ರಿಟನ್ನಿನ ಕೆನಲ್ ಕ್ಲಬ್ ಒಪ್ಪಿಕೊಂಡದ್ದು 1976ರಲ್ಲಿ, ಅಮೆರಿಕದ್ದು 1995ರಲ್ಲಿ, ಅದೂ ಕುರಿ ಕಾಯುವವರ ವಿರೋಧದ ನಡುವೆ. ಅವರ ವಿರೋಧ ಸರಿಯಾಗಿತ್ತೆಂದೇ ನನ್ನ ಅಭಿಪ್ರಾಯ. ಕಿವಿ ಹೇಗೆ ಮಡಿಚಿದೆ, ರೋಮ ಎಷ್ಟು ಹೊಳೆಯುತ್ತದೆ ಎಂದು ನೋಡಿ ಮರಿ ಮಾಡಿಸತೊಡಗಿದರೆ ಸಿರ್ರಾನ ಬುದ್ಧಿ ಕೆಲವೇ ತಲೆಮಾರುಗಳಲ್ಲಿ ತೆಳುವಾಗುತ್ತದೆ.

ಇನ್ನು ನಮ್ಮ ಮನೆಗಳ ಮಾತು. ನಮ್ಮ ಬಡಾವಣೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಎರಡು ವರ್ಷದ ಗಂಡು ಬಾರ್ಡರ್ ಕಾಲಿ ಇದೆ. ಮನೆಯವರು ಒಳ್ಳೆಯವರು, ನಾಯಿಯ ಮೇಲೆ ಪ್ರಾಣ ಇಟ್ಟುಕೊಂಡವರು. ನಾನು ಹೋದಾಗ ಅದು ಹಾಲ್‌ನಲ್ಲಿ ಗೋಡೆಗೆ ಮುಖ ಮಾಡಿ ಬಾಗಿ ನಿಂತಿತ್ತು. ಮನೆಯಾಕೆ ಕಾಫಿ ಲೋಟ ಎತ್ತಿದಾಗ ಅವರ ಕೈಗಡಿಯಾರದ ಬೆಳಕಿನ ಚುಕ್ಕೆ ಗೋಡೆಯ ಮೇಲೆ ಸರಿಯಿತು, ನಾಯಿ ಅದರತ್ತ ಹಾರಿತು. ಕರೆದರೂ ತಿರುಗಲಿಲ್ಲ, ಬಿಸ್ಕತ್ತು ತೋರಿಸಿದರೂ ಇಲ್ಲ. ಮರಿಯಾಗಿದ್ದಾಗ ಲೇಸರ್ ದೀಪದಿಂದ ಆಡಿಸುತ್ತಿದ್ದರಂತೆ, ಸುಸ್ತಾಗಲಿ ಎಂದು ದಿನವೂ ಚೆಂಡು ಎಸೆಯುತ್ತಿದ್ದರಂತೆ. ಬೆಳಕು, ನೆರಳುಗಳ ಹಿಂದೆ ಬೀಳುವ ಈ ಗೀಳು ಈ ತಳಿಯಲ್ಲಿ ಚೆನ್ನಾಗಿ ಗೊತ್ತಿರುವ ಸಮಸ್ಯೆ. ದಿಟ್ಟಿಸುವ, ಅಟ್ಟುವ ಕಸುವಿಗೆ ಕುರಿ ಸಿಗದೆ ನೆರಳು ಸಿಕ್ಕಿದೆ, ಅಷ್ಟೇ. ನೆರಳು ಎಂದೂ ದೊಡ್ಡಿ ಸೇರುವುದಿಲ್ಲವಾದ್ದರಿಂದ ಆ ಕೆಲಸಕ್ಕೆ ಕೊನೆಯಿಲ್ಲ. ಚೆಂಡಿನ ಎಸೆತದಿಂದ ಈ ನಾಯಿ ದಣಿಯುವುದೂ ಇಲ್ಲ; ದಿನದಿನಕ್ಕೆ ಇನ್ನಷ್ಟು ಓಡುವ ತಾಕತ್ತು ಬೆಳೆಸಿಕೊಳ್ಳುತ್ತದೆ.

ದಯವಿಟ್ಟು ಈ ನಾಯಿಯ ಮುಂದೆ ಲೇಸರ್ ದೀಪ ಹಿಡಿಯಬೇಡಿ. ಚೆಂಡು ಇರಲಿ, ಆದರೆ ಎಸೆಯುವ ಮೊದಲು ಮಲಗಿಸಿ, ಚೆಂಡು ನೆಲಕ್ಕೆ ಬಿದ್ದು ನಿಂತ ಮೇಲೆ ಹೋಗಲು ಹೇಳಿ, ಕೆಲವು ಸಲ ಅರ್ಧ ದಾರಿಯಿಂದ ವಾಪಸು ಕರೆಯಿರಿ. ನಾಲ್ಕೈದು ಎಸೆತ ಸಾಕು. ಆಟ ಮುಗಿಯಿತು ಎನ್ನಲು ಮನೆಯವರೆಲ್ಲ ಒಂದೇ ಮಾತು ಬಳಸಿ. ‘ಸಾಕು’ ಎಂದರೆ ಸಾಕು, ಆಮೇಲೆ ಯಾರೂ ಕರಗಬಾರದು. ಮನೆಯ ಮೂಲೆಯಲ್ಲಿ ಒಂದು ಚಾಪೆ ಹಾಕಿ, ಅದರ ಮೇಲೆ ಸುಮ್ಮನೆ ಮಲಗಿದ್ದಕ್ಕೆ ತಿನಿಸು ಕೊಡುತ್ತ ಹೊತ್ತು ಹೆಚ್ಚಿಸಿ. ಊಟವನ್ನು ತಟ್ಟೆಗೆ ಸುರಿಯುವ ಬದಲು ಒಂದು ಪಾಲನ್ನು ಮನೆಯಲ್ಲಿ ಬಚ್ಚಿಟ್ಟು ಮೂಸಿ ಹುಡುಕಲು ಬಿಡಿ. ಆಟಿಕೆಗಳ ಹೆಸರು ಕಲಿಸಿ. ದಕ್ಷಿಣ ಕೆರೊಲಿನಾದ ಮನಶ್ಶಾಸ್ತ್ರಜ್ಞ ಜಾನ್ ಪಿಲ್ಲಿ ತಮ್ಮ ಚೇಸರ್ ಎಂಬ ಬಾರ್ಡರ್ ಕಾಲಿಗೆ 1,022 ವಸ್ತುಗಳ ಹೆಸರು ಕಲಿಸಿದ ಸಂಗತಿ 2011ರಲ್ಲಿ ಪ್ರಕಟವಾಗಿ ಜಗತ್ತೆಲ್ಲ ಬೆರಗಾಯಿತು. ಆ ಸುದ್ದಿಯಲ್ಲಿ ನಾಯಿಯ ಬುದ್ಧಿಯನ್ನು ಎಲ್ಲರೂ ಕಂಡರು. ನಿವೃತ್ತ ಮೇಷ್ಟ್ರೊಬ್ಬರು ಮೂರು ವರ್ಷ ದಿನಕ್ಕೆ ನಾಲ್ಕೈದು ಗಂಟೆ ಕೂತು ಕಲಿಸಿದ್ದನ್ನು ಕಂಡವರು ಕಡಿಮೆ. ಅಷ್ಟು ಬೇಡ. ಬೆಳಗ್ಗೆ, ಸಂಜೆ ಅರ್ಧರ್ಧ ಗಂಟೆ ತಲೆಗೆ ಕೆಲಸ, ಜೊತೆಗೆ ಹಗ್ಗ ಸಡಿಲಬಿಟ್ಟ ಉದ್ದನೆಯ ನಡಿಗೆ ಸಿಕ್ಕರೆ ಹೆಚ್ಚಿನ ನಾಯಿಗಳು ಮನೆಯಲ್ಲಿ ಶಾಂತವಾಗಿರುತ್ತವೆ.

ಗದರಿಕೆ ಬೇಡವೇ ಬೇಡ. ನೂರಾರು ಗಜದಾಚೆಯ ಸಿಳ್ಳೆಯ ಏರಿಳಿತ ಹಿಡಿಯುವ ಕಿವಿ ಇದು; ಕಿರುಚಿದರೆ ಕುಗ್ಗಿಹೋಗುತ್ತದೆ. ದೀಪಾವಳಿಯ ಪಟಾಕಿಗೆ ಈ ತಳಿಯಷ್ಟು ನಲುಗುವ ನಾಯಿಗಳು ಕಡಿಮೆ, ಆ ದಿನಗಳಲ್ಲಿ ಒಳಕೋಣೆಯಲ್ಲಿ ಜೊತೆಗೆ ಯಾರಾದರೂ ಕೂರಬೇಕು. ಓಡುವ ಮಕ್ಕಳ, ಸ್ಕೂಟರುಗಳ ಸುತ್ತ ಬಳಸುವುದು, ಹಿಮ್ಮಡಿಗೆ ಬಾಯಿ ಹಾಕುವುದು ಕೆಟ್ಟ ಬುದ್ಧಿಯಲ್ಲ, ಆದರೆ ಬೆಳೆಯಲು ಬಿಟ್ಟರೆ ಅಪಾಯ. ಮೊದಲ ಸಲವೇ ಕರೆದು ಚಾಪೆಗೆ ಕಳಿಸಿ.

ಇದು ಎರಡು ಪದರ ರೋಮದ, ತಂಪುನಾಡಿನ ನಾಯಿ. ಬೇಸಿಗೆಯೆಂದು ರೋಮ ಬೋಳಿಸುವವರಿದ್ದಾರೆ. ಹಾಗೆ ಮಾಡಿದರೆ ಬಿಸಿಲು ನೇರ ಚರ್ಮಕ್ಕೆ ತಾಗುತ್ತದೆ. ವಾರಕ್ಕೆರಡು ಸಲ ಒಳಪದರದವರೆಗೆ ಬಾಚಿದರೆ ಸಾಕು. ಮಾರ್ಚ್‌ನಿಂದ ಮಳೆ ಬರುವವರೆಗೆ ಬೆಳಗ್ಗೆ ಏಳರೊಳಗೆ ಓಟ ಮುಗಿಯಬೇಕು. ಹತ್ತು ಹದಿನೈದು ನಿಮಿಷ ಜೋರಾಗಿ ಓಡಿದ ಮೇಲೆ ಹಿಂಗಾಲು ತೊಡರಿ, ದಿಕ್ಕು ತಪ್ಪಿದಂತೆ ತೂರಾಡುವ ಕಾಯಿಲೆಯೊಂದು ಈ ತಳಿಯಲ್ಲಿದೆ, ಸೆಕೆಯಲ್ಲಿ ಅದು ಹೆಚ್ಚು. ಕಂಡ ತಕ್ಷಣ ಓಟ ನಿಲ್ಲಿಸಿ, ನೆರಳಿಗೆ ತಂದು, ಮೈಗೆ ನೀರು ಹಾಕಿ, ವೈದ್ಯರಿಗೆ ತೋರಿಸಿ. ಮುಂದೆಂದೂ ಅಂಥ ಓಟ ಬೇಡ. ಉಣ್ಣಿಜ್ವರ ನಮ್ಮೂರುಗಳಲ್ಲಿ ಸಾಮಾನ್ಯವಾದ್ದರಿಂದ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ದಿನವೂ ಕೈಯಾಡಿಸಬೇಕು. ಉಣ್ಣಿಗೆಂದು ಐವರ್‌ಮೆಕ್ಟಿನ್ ಚುಚ್ಚುವ ರೂಢಿ ಹಲವೆಡೆ ಇದೆ. ಕಾಲಿ ವಂಶದ ನಾಯಿಗಳಲ್ಲಿ ಆ ಔಷಧಿಯನ್ನು ಮೆದುಳಿಗೆ ನುಗ್ಗಲು ಬಿಡುವ ವಂಶವಾಹಿ ದೋಷ ಇರಬಹುದು. ಉದ್ದ ರೋಮದ ರಫ್ ಕಾಲಿಗಳಲ್ಲಿ ಅದು ತೀರ ಸಾಮಾನ್ಯ, ಬಾರ್ಡರ್ ಕಾಲಿಯಲ್ಲಿ ಅಪರೂಪ. ಅಪರೂಪವಾದರೂ ಪ್ರಾಣದ ಪ್ರಶ್ನೆ. ಕೆನ್ನೆಯೊಳಗಿನ ಎಂಜಲು ಸವರಿ ತೆಗೆದು ಡಿಎನ್‌ಎ ಪರೀಕ್ಷೆ ಮಾಡಿಸಬಹುದು. ಅಲ್ಲಿಯವರೆಗೆ ವೈದ್ಯರಿಗೆ ತಳಿಯ ಹೆಸರು ಮೊದಲೇ ಹೇಳಿ, ಬೇರೆ ಔಷಧಿ ಕೇಳಿ.

ಮರಿ ಆರಿಸುವಾಗ ಬಣ್ಣಕ್ಕೆ ಮರುಳಾಗಬೇಡಿ. ಬೂದುನೀಲಿ ಮಚ್ಚೆಯ ಮರ್ಲ್ ಮರಿಗಳಿಗೆ ಈಗ ದುಬಾರಿ ಬೆಲೆ ಹೇಳುತ್ತಾರೆ. ಎರಡು ಮರ್ಲ್ ನಾಯಿಗಳನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲೊಂದು ಮರಿಗೆ ಆ ವಂಶವಾಹಿ ಎರಡೂ ಕಡೆಯಿಂದ ಬರುತ್ತದೆ, ಅಂಥವು ಕಿವುಡಾಗಿ, ಕುರುಡಾಗಿ ಹುಟ್ಟುವ ಸಾಧ್ಯತೆ ತುಂಬ ಹೆಚ್ಚು. ಕಣ್ಣಿನ ಹುಟ್ಟುದೋಷ, ಬಿಳಿ ರಕ್ತಕಣಗಳು ಮಜ್ಜೆಯಿಂದ ಹೊರಬಾರದೆ ಮರಿ ಸೋಂಕಿಗೆ ಬಲಿಯಾಗುವ ಕಾಯಿಲೆ, ಇವೆರಡಕ್ಕೂ ಡಿಎನ್‌ಎ ಪರೀಕ್ಷೆಗಳಿವೆ. ತಂದೆತಾಯಿಯ ವರದಿ ಕೇಳುವುದು ಕೊಳ್ಳುವವರ ಹಕ್ಕು. 18,000ಕ್ಕೂ ಹೆಚ್ಚು ನಾಯಿಗಳನ್ನು ಗಮನಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನಾಯಿ ನಾಯಿಗಳ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ಶೇ. 9ರಷ್ಟು ಮಾತ್ರ ಎಂದು ಕಂಡುಬಂತು. ಹಾಗಾಗಿ ತಳಿಯ ಹೆಸರು ನಂಬಿ ಹಣ ಕೊಡುವ ಮೊದಲು ತಾಯಿನಾಯಿಯ ಮನೆಯಲ್ಲಿ ಅರ್ಧ ಗಂಟೆ ಕೂತು ಬನ್ನಿ. ಬಾಗಿಲ ಗಂಟೆ ಬಾರಿಸಿದಾಗ ಅದು ಎದ್ದು ಓಡಿ ಬರುತ್ತದೆ, ಸಹಜ. ಒಡೆಯ ಕರೆದ ಮೇಲೆ ಸುಮ್ಮನಾಗಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿಕೊಳ್ಳಿ. ತಾಯಿಯನ್ನು ತೋರಿಸಲು ಒಪ್ಪದವರ ಹತ್ತಿರ ಮರಿ ಕೊಳ್ಳಬೇಡಿ.