ಧೈರ್ಯ ಮೊದಲೋ, ಕೆಲಸ ಮೊದಲೋ?

ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದ ಕೊನೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಭೆ ನಡೆಯುತ್ತದೆ. ಸೀತೆ ಲಂಕೆಯಲ್ಲಿದ್ದಾಳೆಂದು ಸಂಪಾತಿ ಹೇಳಿಯಾಗಿದೆ. ಎದುರಿಗೆ ನೂರು ಯೋಜನದ ಕಡಲು. ಕಪಿವೀರರು ಒಬ್ಬೊಬ್ಬರಾಗಿ ತಮ್ಮ ತಮ್ಮ ಅಳತೆ ಹೇಳುತ್ತಾರೆ. ಗಜ ಹತ್ತು ಯೋಜನ ಹಾರಬಲ್ಲ, ಗವಾಕ್ಷ ಇಪ್ಪತ್ತು. ಹೀಗೆ ಏರುತ್ತ ಹೋದ ಲೆಕ್ಕ ಮುದುಕ ಜಾಂಬವಂತನ ತೊಂಬತ್ತಕ್ಕೆ ಬಂದು ನಿಲ್ಲುತ್ತದೆ. ಅಂಗದ ನೂರು ಹಾರಿಯಾನು, ಮರಳಿ ಬರುವ ಭರವಸೆ ಮಾತ್ರ ಅವನಿಗಿಲ್ಲ. ಯಾರೂ ಸುಳ್ಳು ಹೇಳುತ್ತಿಲ್ಲ, ಯಾರೂ ಹೇಡಿಗಳೂ ಅಲ್ಲ. ಆದರೂ ಅಷ್ಟೆಲ್ಲ ಪ್ರಾಮಾಣಿಕ ಲೆಕ್ಕದಿಂದ ಕಡಲು ದಾಟುವುದಾಗಲಿಲ್ಲ. ಹನುಮಂತ ಒಂದು ಬದಿಯಲ್ಲಿ ಮಾತಿಲ್ಲದೆ ಕುಳಿತಿದ್ದಾನೆ.

‘ದೊಡ್ಡ ಗುರಿ ಇಟ್ಟುಕೊಳ್ಳಿ’ ಎಂದು ಹುರಿದುಂಬಿಸುವ ಪುಸ್ತಕಗಳಿಗೂ ಭಾಷಣಗಳಿಗೂ ಈ ಪ್ರಸಂಗ ಬಲು ಪ್ರಿಯ. ನಿಮ್ಮೊಳಗೂ ಒಬ್ಬ ಹನುಮಂತನಿದ್ದಾನೆ, ಜಾಂಬವಂತನಂಥವನೊಬ್ಬ ನೆನಪಿಸಿದರೆ ಸಾಕು ಎನ್ನುತ್ತಾರೆ. ಈ ಮಾತಿನ ಬಗ್ಗೆ ನನಗೆ ತಕರಾರಿದೆ. ನಮ್ಮಲ್ಲಿ ಹೆಚ್ಚಿನವರು ಶಕ್ತಿ ಮರೆತ ಹನುಮಂತರಲ್ಲ, ಇಪ್ಪತ್ತು ಯೋಜನದ ಗವಾಕ್ಷರು. ಗವಾಕ್ಷನೊಬ್ಬ ನೂರು ಯೋಜನದ ಗುರಿಯನ್ನು ಯಾವ ಧೈರ್ಯದಿಂದ ಇಟ್ಟುಕೊಳ್ಳಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವಾಗ, ಅದೇ ರಾಮಾಯಣವನ್ನು ಇಪ್ಪತ್ತನೆಯ ಶತಮಾನದ ಕನ್ನಡದಲ್ಲಿ ಮತ್ತೆ ಬರೆಯಲು ಕುಳಿತ ಕುವೆಂಪು ನನಗೆ ನೆನಪಾಗುತ್ತಾರೆ.

ಕುವೆಂಪು ಎಂದಕೂಡಲೇ ‘ಅವರು ಹುಟ್ಟಾ ಮಹಾಕವಿ, ನಮಗೂ ಅವರಿಗೂ ಏನು ಸಾಟಿ’ ಎಂದು ಕೈಮುಗಿದು ಬಿಡುತ್ತೇವೆ. ಕೈಮುಗಿದ ಮೇಲೆ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ಶುರುವಿನ ಕುವೆಂಪು ಹೇಗಿದ್ದರು ಎಂದು ನೋಡಬೇಕು. 1922ರಲ್ಲಿ ಅಚ್ಚಾದ ಅವರ ಮೊದಲ ಪುಸ್ತಕ ‘ಬಿಗಿನರ್ಸ್ ಮ್ಯೂಸ್’ ಇಂಗ್ಲಿಷ್ ಪದ್ಯಗಳ ಒಂದು ಚಿಕ್ಕ ಸಂಕಲನ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಿದರು. ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಕಸಿನ್ಸ್ ಕೇಳಿದರು. ಹತ್ತೊಂಬತ್ತರ ಹುಡುಗನಿಗೆ ಆ ಪ್ರಶ್ನೆಯಿಂದ ಹುರುಪೇನೂ ಬರಲಿಲ್ಲ, ನಿರಾಶೆಯೇ ಆಯಿತು. ತನಗೆ ಬೇಕಾದ ಛಂದೋವೈವಿಧ್ಯ ಕನ್ನಡದಲ್ಲಿಲ್ಲ ಎಂಬುದು ಅವನ ವಾದ. ಅದು ಕೂಡ ಗವಾಕ್ಷನ ಲೆಕ್ಕವೇ: ಇಷ್ಟು ಸಾಮಗ್ರಿ ಇದೆ, ಇಷ್ಟೇ ದೂರ ಹಾರಬಹುದು.

ಆ ಭೇಟಿಗೂ ‘ಶ್ರೀ ರಾಮಾಯಣ ದರ್ಶನಂ’ ಬರವಣಿಗೆ ಶುರುವಾದ 1936ಕ್ಕೂ ನಡುವೆ ಹನ್ನೆರಡು ವರ್ಷಗಳಿವೆ. ಸ್ಫೂರ್ತಿಯ ಭಾಷಣಗಳು ಈ ಹನ್ನೆರಡು ವರ್ಷಗಳನ್ನು ಹಾರಿಸಿಬಿಡುತ್ತವೆ. ನನ್ನ ಕಣ್ಣಿಗೆ ಇಡೀ ಕತೆಯ ತಿರುಳಿರುವುದು ಅಲ್ಲಿಯೇ. ಮೊದಲು ಮಕ್ಕಳಿಗಾಗಿ ಬರೆದ ಪದ್ಯಗಳು. ಬ್ರೌನಿಂಗನ ಕವನವನ್ನು ಕನ್ನಡದ ಹಳ್ಳಿಗೆ ತಂದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. 1930ರಲ್ಲಿ ‘ಕೊಳಲು’ ಕವನ ಸಂಕಲನ. 1931ರಲ್ಲಿ ‘ಶ್ಮಶಾನ ಕುರುಕ್ಷೇತ್ರಂ’ ನಾಟಕ. 1936ರಲ್ಲಿ ‘ಚಿತ್ರಾಂಗದಾ’ ಖಂಡಕಾವ್ಯ. ಇವನ್ನೆಲ್ಲ ಸಾಲಾಗಿ ಇಟ್ಟು ಓದಿದರೆ ಒಂದು ವಿಷಯ ಕಾಣುತ್ತದೆ. ಕನ್ನಡದಲ್ಲಿ ಇಲ್ಲ ಎಂದು ಯಾವುದಕ್ಕಾಗಿ ಕೊರಗಿದ್ದರೋ ಅದನ್ನೇ ಅವರು ತುಂಡುತುಂಡಾಗಿ ಕಟ್ಟಿಕೊಳ್ಳುತ್ತಿದ್ದರು.

ಛಂದಸ್ಸನ್ನೇ ನೋಡಿ. ಹಳೆಯ ಲಲಿತ ರಗಳೆಯಲ್ಲಿ ಐದು ಮಾತ್ರೆಯ ನಾಲ್ಕು ಗಣಗಳ ಸಾಲು ಇರುತ್ತದೆ, ಎರಡೆರಡು ಸಾಲಿಗೆ ಪ್ರಾಸ ಬರುತ್ತದೆ. ಸಾಲು ಮುಗಿದಲ್ಲಿ ಉಸಿರೂ ಮುಗಿಯುತ್ತದೆ. ಆ ಪ್ರಾಸದ ಕಟ್ಟು ಬಿಚ್ಚಿದಾಗ ಸರಳ ರಗಳೆಯಾಯಿತು. ವಾಕ್ಯವನ್ನು ಸಾಲಿನ ಕೊನೆ ದಾಟಿಸಿ, ಮುಂದಿನ ಸಾಲಿನ ನಡುವೆ ಬೇಕಾದಲ್ಲಿ ನಿಲ್ಲಿಸುವ ಸ್ವಾತಂತ್ರ್ಯ ಅದರಿಂದ ಬಂತು. ಇದೇ ಮುಂದೆ ಅವರ ಕೈಯಲ್ಲಿ ಮಹಾಛಂದಸ್ಸಾಗಿ ಬೆಳೆಯಿತು. ಮಲೆನಾಡಿನ ಕಾಡು, ಮಳೆ, ಬೆಟ್ಟಗಳನ್ನು ಹೊತ್ತು ಸಾಲುಗಟ್ಟಲೆ ಹರಿಯುವ ಮಹೋಪಮೆಗಳು ಹಳೆಯ ರಗಳೆಯ ಪ್ರಾಸದಲ್ಲಿ ಉಸಿರುಗಟ್ಟಿ ಹೋಗುತ್ತಿದ್ದವು. ಇಂಥ ಕಾವ್ಯಕ್ಕೆ ಬೇಕಾದ ಧೈರ್ಯವೂ ಹೆಚ್ಚುಕಡಿಮೆ ಹೀಗೇ ಬಂದಿರಬೇಕು ಎಂದು ನನಗೆ ಅನ್ನಿಸುತ್ತದೆ. ಅದು ಒಂದು ಬೆಳಗ್ಗೆ ಎದೆಯಲ್ಲಿ ಉಕ್ಕಿದ್ದಲ್ಲ. ಬರೆದ ಪ್ರತಿ ಕೃತಿಯೂ ಕೈಗೆ ಒಂದಿಷ್ಟು ಅಭ್ಯಾಸ ಕೊಟ್ಟು, ಮುಂದಿನದನ್ನು ಬರೆಯಬಹುದು ಎಂಬಷ್ಟು ನಂಬಿಕೆ ಉಳಿಸಿ ಹೋಗಿದೆ.

ಹಾಗೆಂದು ಇದು ಬರೀ ಅಭ್ಯಾಸದ ಕತೆಯಲ್ಲ. ಅಭ್ಯಾಸ ಎಷ್ಟೇ ಇದ್ದರೂ ಗುರಿಯ ಆಯ್ಕೆಯನ್ನು ಅದು ಮಾಡಿಕೊಡುವುದಿಲ್ಲ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ಬಳಲಿದ್ದಾನೆ ಎಂದು ಹೇಳಿ ಕುಮಾರವ್ಯಾಸ ಭಾರತದ ಕಡೆ ತಿರುಗಿದ್ದ. ಮೇಲಾಗಿ ಇದು ಕಾದಂಬರಿಯ ಯುಗ, ಮಹಾಕಾವ್ಯದ ಕಾಲ ಮುಗಿಯಿತು ಎಂಬ ಮಾತಿತ್ತು. ಕುವೆಂಪು ಅವರಿಗೆ ಕಾದಂಬರಿ ಗೊತ್ತಿರಲಿಲ್ಲವೆಂದಲ್ಲ. ‘ಕಾನೂರು ಹೆಗ್ಗಡಿತಿ’ ಹೊರಬಂದದ್ದೂ 1936ರಲ್ಲೇ. ಆದರೂ ಎಲ್ಲರಿಗೂ ಗೊತ್ತಿರುವ ಕತೆಯನ್ನೇ ಆರಿಸಿಕೊಂಡರು, ಏಕೆಂದರೆ ಅದನ್ನು ಕೇಳಲು ಅವರಲ್ಲಿ ತಮ್ಮದೇ ಪ್ರಶ್ನೆಗಳಿದ್ದವು. ಮಂಥರೆ ಬರೀ ದುಷ್ಟಳೇ? ಅವರ ಮಂಥರೆ ಭರತನ ಮೇಲಿನ ಮಮತೆಯಿಂದಲೇ ಕೆಡುಕಿಗೆ ಕಾರಣಳಾಗುತ್ತಾಳೆ. ಅಗ್ನಿಪರೀಕ್ಷೆ ಸೀತೆಯೊಬ್ಬಳಿಗೇ ಏಕೆ? ಅವರ ರಾಮನೂ ಬೆಂಕಿಯನ್ನು ಹೊಗುತ್ತಾನೆ. ರಾವಣನಿಗೆ ಉದ್ಧಾರವಿಲ್ಲವೇ? ಅವರ ರಾವಣ ಕನಸಿನಲ್ಲಿ ಸೀತೆಯ ಮಗುವಾಗುತ್ತಾನೆ. ಈ ಪ್ರಶ್ನೆಗಳಿಲ್ಲದೆ ಹೋಗಿದ್ದರೆ ಐವತ್ತು ಸಂಚಿಕೆಗಳ, ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಸಾಲುಗಳ ಈ ಗ್ರಂಥ ಆದಿಶೇಷನ ಮೇಲೆ ಇನ್ನೊಂದು ಹೊರೆ ಅಷ್ಟೇ ಆಗುತ್ತಿತ್ತು. ದೊಡ್ಡ ಗುರಿ ಯಾವುದು, ಬರೀ ದೊಡ್ಡಸ್ತಿಕೆ ಯಾವುದು ಎಂದು ತಿಳಿಯುವುದು ಹೀಗೆಯೇ.

ಬರವಣಿಗೆ ಸುಮಾರು ಒಂಬತ್ತು ವರ್ಷ ನಡೆಯಿತು. ಆ ಅವಧಿಯಲ್ಲಿ ಕಾಲೇಜಿನ ಪಾಠ ನಿಲ್ಲಲಿಲ್ಲ. 1937ರಲ್ಲಿ ಮದುವೆಯಾಯಿತು, 1938ರಲ್ಲಿ ಮಗ ತೇಜಸ್ವಿ ಹುಟ್ಟಿದರು, 1939ರಲ್ಲಿ ಗುರು ಟಿ. ಎಸ್. ವೆಂಕಣ್ಣಯ್ಯ ತೀರಿಕೊಂಡರು. 1949ರಲ್ಲಿ ಅಚ್ಚಾದ ಕಾವ್ಯ ಆ ಗುರುವಿಗೇ ಅರ್ಪಿತವಾಗಿದೆ. ಇಲ್ಲದ ಗುರುವನ್ನು ಎದುರಿಗಿದ್ದಾರೆಂಬಂತೆ ಮಾತಾಡಿಸುವ ಆ ಅರ್ಪಣೆಯನ್ನು ಓದುವಾಗ ದೀರ್ಘ ಗುರಿಯ ನಿಜವಾದ ಬೆಲೆ ನನಗೆ ತಿಳಿಯುತ್ತದೆ. ಯಾರಿಗೆ ಮೊದಲು ತೋರಿಸಬೇಕು ಎಂದುಕೊಂಡಿರುತ್ತೇವೋ ಅವರು ಕೆಲಸ ಮುಗಿಯುವ ತನಕ ಇರುತ್ತಾರೆಂಬ ಖಾತ್ರಿ ಇಲ್ಲ.

ಬೆಲೆ ಇನ್ನೊಂದು ಬಗೆಯದೂ ಇದೆ. ಕಾವ್ಯದ ಹಳಗನ್ನಡದ ಬಿಗಿ ಎಷ್ಟೋ ಓದುಗರನ್ನು ಹೊಸಿಲಲ್ಲೇ ನಿಲ್ಲಿಸುತ್ತದೆ. ಕೆಲವೆಡೆ ದರ್ಶನ ಕತೆಯ ಹೆಗಲೇರಿ ಕೂರುತ್ತದೆ. ಅಂಥ ಪುಟಗಳಲ್ಲಿ ನಾನು ಇಂದಿಗೂ ಕಷ್ಟಪಟ್ಟೇ ಮುಂದೆ ಹೋಗುತ್ತೇನೆ. ಸಾಹಿತ್ಯ ಅಕಾಡೆಮಿ ಪ್ರಶಸ್ತಿಯಾಗಲಿ ಜ್ಞಾನಪೀಠವಾಗಲಿ ಈ ತೊಡಕನ್ನು ಅಳಿಸುವುದಿಲ್ಲ. ಆದರೆ ತೊಡಕಿಲ್ಲದ ಸಣ್ಣ ಕೃತಿಯೊಂದನ್ನು ಬರೆದಿದ್ದರೆ ಮೇಲಿನ ಮಂಥರೆಯೂ ಸಿಗುತ್ತಿರಲಿಲ್ಲ. ಅಲ್ಲಲ್ಲಿ ಸೋಲುವ ಸಾಧ್ಯತೆಯನ್ನೂ ಗುರಿಯ ಜೊತೆಗೇ ಒಪ್ಪಿಕೊಳ್ಳಬೇಕಾಗುತ್ತದೆ.

ಈ ಕಾವ್ಯವೇ ಕುವೆಂಪುವನ್ನು ಸೃಷ್ಟಿಸಿತು ಎಂಬ ಅರ್ಥದ ಮಾತನ್ನು ಕವಿ ಕಾವ್ಯದೊಳಗೇ ಹೇಳಿದ್ದಾರೆ. ಅದನ್ನು ವಿನಯ ಎಂದುಕೊಳ್ಳುವವರಿದ್ದಾರೆ. ನಾನು ಅದನ್ನು ನೇರವಾದ ವರದಿ ಎಂದೇ ಓದುತ್ತೇನೆ. ಕಾವ್ಯ ಬರೆಯಬಲ್ಲ ಕವಿ ಮೊದಲೇ ಸಿದ್ಧನಾಗಿ ಕೂತಿರಲಿಲ್ಲ, ಬರೆಯುತ್ತ ಬರೆಯುತ್ತ ಆದ.

ಇಂದು ಕನ್ನಡದ ಹೊಸ ಪುಸ್ತಕಗಳ ಮುನ್ನುಡಿಗಳಲ್ಲಿ ‘ಕಿರುಪ್ರಯತ್ನ’, ‘ಅಳಿಲು ಸೇವೆ’ ಎಂಬ ಮಾತುಗಳನ್ನು ಓದಿದಾಗಲೆಲ್ಲ ನನಗೆ ಒಂದು ಅನುಮಾನ ಬರುತ್ತದೆ. ವಿನಯ ಒಳ್ಳೆಯದೇ, ಆದರೆ ಅದು ಎಷ್ಟೋ ಸಲ ಅಂಜಿಕೆ ತೊಟ್ಟ ಶುಭ್ರ ಅಂಗಿಯಾಗಿರುತ್ತದೆ. ಅಳಿಲಿನ ಕತೆಯನ್ನೂ ನಾವು ಅರ್ಧವೇ ನೆನಪಿಟ್ಟುಕೊಂಡಿದ್ದೇವೆ. ಅದು ಹೊತ್ತ ಮರಳು ಚಿಟಿಕೆಯಷ್ಟು, ನಿಜ. ಆದರೆ ಅದು ಆ ಮರಳನ್ನು ಹೊತ್ತದ್ದು ತನ್ನ ಗೂಡಿನ ಸುತ್ತ ಗೋಡೆ ಕಟ್ಟಲಿಕ್ಕಲ್ಲ, ಕಡಲಿಗೆ ಸೇತುವೆ ಕಟ್ಟಲಿಕ್ಕೆ.