ಗಿರಾಕಿಯೂ ಹೊಳೆಯೂ

ವ್ಯವಹಾರಶಾಸ್ತ್ರದ ಪಠ್ಯಗಳಲ್ಲಿ ಪೀಟರ್ ಡ್ರಕರ್‌ನ ಹೆಸರು ಬಾರದ ಪುಸ್ತಕ ವಿರಳ. 1954ರಲ್ಲಿ ಪ್ರಕಟವಾದ ‘ದಿ ಪ್ರ್ಯಾಕ್ಟೀಸ್ ಆಫ್ ಮ್ಯಾನೇಜ್‌ಮೆಂಟ್’ ಗ್ರಂಥದಲ್ಲಿ ಆತ ಮಂಡಿಸಿದ ವಿಚಾರ ಸರಳವಾದುದು. ವ್ಯವಹಾರದ ಉದ್ದೇಶ ಲಾಭವಲ್ಲ, ಗಿರಾಕಿಯ ಸೃಷ್ಟಿ. ಆದುದರಿಂದ ಅದರ ಮೂಲಕಾರ್ಯಗಳು ಎರಡೇ, ಮಾರುಕಟ್ಟೆಯನ್ನು ಅರಿತು ಬೆಳೆಸುವುದು ಮತ್ತು ಹೊಸತನ್ನು ತರುವುದು. ಲಾಭವೆಂಬುದು ಇವು ಸರಿಯಾಗಿ ನಡೆದಿವೆಯೇ ಎಂಬುದರ ಪರೀಕ್ಷೆ ಮಾತ್ರ. ಪರಿಗ್ರಹಕ್ಕೆ ಮಿತಿಯಿರಬೇಕೆಂದು ಕೇಳುತ್ತ ಬೆಳೆದ ಮನೆಗಳಿಗೆ ಈ ಮಾತು ಆಪ್ತವಾಗಿ ತೋರುವುದು ಸಹಜ. ಹಾಗೆ ತೋರುವುದರಿಂದಲೇ ಅದನ್ನು ಒರೆಗೆ ಹಚ್ಚಿ ನೋಡಬೇಕಾಗಿದೆ.

ಒರೆಗಲ್ಲು ದೂರದಲ್ಲಿಲ್ಲ. ದಾವಣಗೆರೆಗೂ ಹರಿಹರಕ್ಕೂ ನಡುವೆ ಬಾತಿಯ ಗುಡ್ಡವಿದೆ. ಅದರ ಒಂದು ಮಗ್ಗುಲಿಗೆ ಅರಳೆ ಮತ್ತು ನೂಲಿನಿಂದ ಬೆಳೆದ ಪೇಟೆ, ಇನ್ನೊಂದು ಮಗ್ಗುಲಿಗೆ ಯಂತ್ರಗಳಿಂದಲೂ ತುಂಗಭದ್ರೆಯ ನೀರಿನಿಂದಲೂ ಬೆಳೆದ ಕೈಗಾರಿಕೆ.

ದಾವಣಗೆರೆಯ ಕಡೆಗೆ ನೋಡಿದರೆ ಡ್ರಕರ್‌ನ ಮಾತು ಚೆನ್ನಾಗಿಯೇ ನಿಲ್ಲುತ್ತದೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ಊರಿನ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಯಂತ್ರಗಳು ಹಳತಾಗಿದ್ದವು, ವಿದ್ಯುತ್ ಮಗ್ಗದ ಅಗ್ಗದ ಬಟ್ಟೆಯೂ ಕೃತಕ ನೂಲಿನ ಬಟ್ಟೆಯೂ ಗಿರಾಕಿಯ ಕೈ ಸೇರಿದ್ದವು. ಹರಿಹರದ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯ ಮೂಲಕಥೆಯೂ ಇದಕ್ಕೆ ಸಾಕ್ಷಿ. ಬೆಳಗಾವಿಯಲ್ಲಿ ಕಬ್ಬಿಣದ ನೇಗಿಲು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರಿಗೆ ಆರಂಭದಲ್ಲಿ ಕೊಳ್ಳುವವರೇ ಸಿಗಲಿಲ್ಲ. ಕಬ್ಬಿಣ ಮಣ್ಣಿಗೆ ವಿಷವೆಂಬ ಶಂಕೆ ರೈತರಲ್ಲಿತ್ತು. ಇಲ್ಲದ ಗಿರಾಕಿಯನ್ನು ಅವರು ತಾಳ್ಮೆಯಿಂದ ಸೃಷ್ಟಿಸಿಕೊಂಡರು. ಅದೇ ಮನೆತನದ ಉದ್ಯಮ 1941ರಲ್ಲಿ ಹರಿಹರದಲ್ಲಿ ಲೇತ್ ಯಂತ್ರಗಳ ಕಾರ್ಖಾನೆಯಾಯಿತು. ಅದರ ಸುತ್ತ ಯಂತ್ರಪುರವೆಂಬ ಬಡಾವಣೆಯೇ ಎದ್ದಿತು. 2000ದ ದಶಕದ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು, ಯಂತ್ರಪುರದ ಹೆಸರು ಉಳಿಯಿತು. ಗಿರಾಕಿ ಹೋದಮೇಲೆ ಅಲ್ಲಿ ದುಡಿದವನ ಗತಿಯೇನು ಎಂಬುದಕ್ಕೆ ಈ ಸೂತ್ರದಲ್ಲಿ ಉತ್ತರವಿಲ್ಲ. ಆದರೆ ಅದು ಚಿಕ್ಕ ಕೊರತೆ. ದೊಡ್ಡ ಕೊರತೆ ಕಾಣುವುದು ಹೊಳೆಯ ದಡದಲ್ಲಿ.

ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಆರಂಭವಾಯಿತು. ಮರದ ತಿರುಳಿನಿಂದ ರೇಯಾನ್ ನೂಲಿಗೆ ಬೇಕಾದ ಪಲ್ಪ್ ತಯಾರಿಸುವುದು ಅದರ ಕೆಲಸ. ಡ್ರಕರ್‌ನ ಅಳತೆಗೋಲಿನಲ್ಲಿ ಈ ಉದ್ಯಮಕ್ಕೆ ಪೂರ್ಣ ಅಂಕ: ತಂತ್ರ ಹೊಸದು, ಗಿರಾಕಿ ಖಚಿತ. ಆದರೆ ಆ ಗಿರಾಕಿ ಇದ್ದದ್ದು ದೂರದ ನಾಗದಾದಂತಹ ನೂಲಿನ ಕಾರ್ಖಾನೆಗಳಲ್ಲಿ. ತುಂಗಭದ್ರೆಯ ನೀರು ಕುಡಿಯುವವನು, ಅದರಲ್ಲಿ ಮೀನು ಹಿಡಿಯುವವನು, ದನ ತೊಳೆಯುವವನು ಆ ಪಲ್ಪನ್ನು ಒಂದು ದಿನವೂ ಕೊಂಡವನಲ್ಲ. ಹೊಳೆ ಕೆಟ್ಟಿತು, ಮೀನು ಸತ್ತವು ಎಂದು 1980ರ ದಶಕದಲ್ಲಿ ಎದ್ದ ದೂರುಗಳನ್ನು ಗಿರಾಕಿಯ ದೂರುಗಳೆಂದು ಯಾವ ಮಾರಾಟ ವಿಭಾಗವೂ ದಾಖಲಿಸುವಂತಿರಲಿಲ್ಲ.

ಮರದ ಕಥೆಯೂ ಇದೇ. 1984ರಲ್ಲಿ ಸರ್ಕಾರದ ಅರಣ್ಯ ನಿಗಮವೂ ಈ ಉದ್ಯಮವೂ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿ ಕಟ್ಟಿದವು. ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ನೆಲವನ್ನು ಗೊತ್ತುಮಾಡಲಾಯಿತು. ಅದರಲ್ಲಿ ಹಳ್ಳಿಗಳ ಗೋಮಾಳವಿತ್ತು, ಉರವಲು ತರುವ ಕುರುಚಲು ಕಾಡಿತ್ತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವೆಂದು ಅದು ಹೆಸರಾಯಿತು. 1991ರಲ್ಲಿ ಆ ಕಂಪನಿ ಮುಚ್ಚಿತು. ಅದನ್ನು ಮುಚ್ಚಿಸಿದವರು ಪ್ರತಿಸ್ಪರ್ಧಿಗಳಲ್ಲ, ಸರಕನ್ನು ಒಲ್ಲದ ಗಿರಾಕಿಗಳೂ ಅಲ್ಲ. ಸೂತ್ರದಲ್ಲಿ ಹೆಸರೇ ಇಲ್ಲದ ಜನ.

ಡ್ರಕರ್‌ಗೆ ಇದು ಹೊಳೆದಿರಲಿಲ್ಲವೆಂದರೆ ಅನ್ಯಾಯವಾದೀತು. 1954ರ ಗ್ರಂಥದಲ್ಲಿಯೇ ವ್ಯವಹಾರವು ಗುರಿ ಇಟ್ಟುಕೊಳ್ಳಬೇಕಾದ ಎಂಟು ಕ್ಷೇತ್ರಗಳನ್ನು ಆತ ಹೆಸರಿಸಿದ್ದಾನೆ. ಸಾರ್ವಜನಿಕ ಹೊಣೆ ಅದರಲ್ಲಿ ಎಂಟನೆಯದು. 1973ರ ದೊಡ್ಡ ಗ್ರಂಥದಲ್ಲಿ, ತಿಳಿದೂ ತಿಳಿದೂ ಕೇಡು ಮಾಡದಿರುವುದೇ ವ್ಯವಸ್ಥಾಪಕನ ಮೊದಲ ಧರ್ಮವೆಂಬಷ್ಟು ದೂರ ಆತ ಬರುತ್ತಾನೆ. ಆಕ್ಷೇಪವಿರುವುದು ಸ್ಥಾನದ ಬಗ್ಗೆ. ಉದ್ದೇಶದ ವಾಕ್ಯದಲ್ಲಿ ಗಿರಾಕಿಯೊಬ್ಬನೇ ನಿಂತಿದ್ದಾನೆ. ಹೊಳೆ ಎಂಟನೆಯ ಸಾಲಿನಲ್ಲಿ ಕಾದಿದೆ. ಪಾಠಶಾಲೆಗಳಲ್ಲಿ ಬಾಯಿಪಾಠವಾಗುವುದು ಮೊದಲ ವಾಕ್ಯವೇ.

ಶ್ರಾವಕಾಚಾರದ ಗ್ರಂಥಗಳು ಎಣಿಕೆಯನ್ನು ಇನ್ನೊಂದು ತುದಿಯಿಂದ ಆರಂಭಿಸುತ್ತವೆ. ಉಪಾಸಕದಶಾಂಗದಲ್ಲಿ, ಆನಂದನೆಂಬ ಸಿರಿವಂತ ಗೃಹಸ್ಥನ ಕಥೆಯಲ್ಲಿ, ವ್ರತಿಯಾದವನು ಬಿಡಬೇಕಾದ 15 ಉದ್ಯೋಗಗಳ ಪಟ್ಟಿ ಬರುತ್ತದೆ. ಕಾಡು ಕಡಿದು ಬದುಕುವುದೂ ಕೆರೆಕೊಳ ಬತ್ತಿಸುವುದೂ ಅದರಲ್ಲಿ ಸೇರಿವೆ. ಆಶಾಧರನ ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳಲ್ಲಿ ಮೊದಲು ಬರುವುದು ನ್ಯಾಯದಿಂದ ಗಳಿಸಿದ ಧನ. ಎಷ್ಟು ಮಾರಿದೆ ಎಂಬುದಕ್ಕಿಂತ ಮುಂಚೆ ಯಾರನ್ನು, ಯಾವುದನ್ನು ನೋಯಿಸಿ ಗಳಿಸಿದೆ ಎಂಬ ಪ್ರಶ್ನೆ ಅಲ್ಲಿದೆ. ಆ ಪಟ್ಟಿಯನ್ನು ಅಕ್ಷರಶಃ ಹಿಡಿದರೆ ಇಂದು ಯಾವ ಕಾರ್ಖಾನೆಯೂ ನಡೆಯದು, ಅದು ನಿಜ. ಆದರೆ ಅಕ್ಷರಶಃ ನಡೆಯದೆಂಬ ಕಾರಣಕ್ಕೆ ಪ್ರಶ್ನೆಯನ್ನೇ ಕೈಬಿಟ್ಟದ್ದು ಸಮಾಜದ ಅನುಕೂಲಸಿಂಧುತ್ವ. ಅಚೌರ್ಯವೆಂದರೆ ತಕ್ಕಡಿ ಸರಿಯಿರುವುದು ಎಂದಷ್ಟಕ್ಕೇ ಅರ್ಥ ಕಿರಿದಾಯಿತು. ಅಂಗಡಿಯ ಕಟ್ಟೆಯಿಂದ ಆಚೆಗಿನ ಲೆಕ್ಕವನ್ನು ದಾನ ಸರಿದೂಗಿಸುತ್ತದೆಂಬ ನಂಬಿಕೆ ಬೆಳೆಯಿತು.

ಬಸದಿಗಳ ಟ್ರಸ್ಟುಗಳು ಇದರಿಂದ ಹೊರತಲ್ಲ. ದೇಣಿಗೆಯ ರಸೀದಿಯಲ್ಲಿ ಹೆಸರು, ಊರು, ಮೊತ್ತ ಇವುಗಳಿಗೆ ಸ್ಥಳವುಂಟು. ಟ್ರಸ್ಟಿನ ಮಳಿಗೆಗಳನ್ನು ಬಾಡಿಗೆಗೆ ಕೊಡುವ ಕರಾರಿನಲ್ಲಿ ಠೇವಣಿ, ಅವಧಿ, ದುರಸ್ತಿಗಳ ಕಲಮುಗಳಿರುತ್ತವೆ; ಮಳಿಗೆಯ ಹಿಂದಿನ ಚರಂಡಿ ಎಲ್ಲಿಗೆ ಹರಿಯುತ್ತದೆಂಬ ಕಲಮು ಅಪರೂಪ.